ರೈನ್‌ಕೋಟಿನ ಪಾದ್ರಿ

ಲೋಕದಲ್ಲಿ ನಾಗಭೂಷಣ ತಾತ್ಸಾರವಿಲ್ಲದೆ ನೋಡುತ್ತಿದ್ದ ಮುಖ ಒಂದೇ. ಅದು ದಿನಾ ಬೆಳಿಗ್ಗೆ ಗಡ್ಡ ಹೆರೆಯುವ ಹೊತ್ತಿಗೆ ಕನ್ನಡಿಯಲ್ಲಿ ಸಿಗುತ್ತಿತ್ತು. ಮಿಕ್ಕಿದ್ದೆಲ್ಲ ಅವನ ಲೆಕ್ಕದಲ್ಲಿ ಕಸ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂಡಿ ವಾಸನೆ ಕಸ, ಮೊಳಕಾಲ್ಮುರು ಕಡೆ ಹೋಗುವ ರಸ್ತೆ ಕಸ, ಆ ರಸ್ತೆ ಬಿಟ್ಟು ಜಾಲಿಮುಳ್ಳಿನ ನಡುವೆ ಒಳಗೆ ಹೊರಳಿದರೆ ಸಿಗುವ ಬೋರೇನಹಟ್ಟಿಯಂತೂ ಕಸದಲ್ಲಿ ಕಸ. ಆ ಹಟ್ಟಿಯ ಪ್ರೌಢಶಾಲೆಯಲ್ಲಿ ಅವನು ಸಮಾಜ ವಿಜ್ಞಾನದ ಮೇಷ್ಟ್ರು. ಇತಿಹಾಸದಲ್ಲಿ ಎಂ.ಎ. ಮಾಡಿಕೊಂಡವನು ದನ ಕಾಯುವವರ ಮಕ್ಕಳಿಗೆ ಯುರೋಪಿನ ಚರಿತ್ರೆ ಹೇಳಬೇಕಾಗಿ ಬಂದದ್ದು ತನ್ನ ಮೇಲೆ ಯಾರೋ ಬೇಕಂತಲೇ ಹೊರಿಸಿದ ಶಿಕ್ಷೆ ಎಂದೇ ಅವನ ನಂಬಿಕೆ. ಶಿಕ್ಷೆ ಕೊಟ್ಟವರು ಯಾರು ಎಂದು ಮಾತ್ರ ಗೊತ್ತಿರಲಿಲ್ಲ. ಹಾಗಾಗಿ ಕಂಡವರನ್ನೆಲ್ಲ ಬೈಯುತ್ತಿದ್ದ.

ಹಟ್ಟಿಯ ದೇವರುಗಳ ಮೇಲೆ ಅವನಿಗೆ ವಿಶೇಷ ಅಸಡ್ಡೆ. ಅಲ್ಲಿಯವರದು ಎತ್ತುಗಳನ್ನು ದೇವರಿಗೆ ಬಿಡುವ ಕುಲ. ಹಾಗೆ ಬಿಟ್ಟ ದನಕ್ಕೆ ನೊಗ ಹೂಡುವಂತಿಲ್ಲ, ಮಾರುವಂತಿಲ್ಲ, ಹೊಡೆಯುವಂತಿಲ್ಲ. ಅದನ್ನು ಮೇಯಿಸಲಿಕ್ಕೆಂದೇ ಕಿಲಾರಿ ಎಂಬೊಬ್ಬ ಇರುತ್ತಾನೆ, ಅವನು ಕಾಲಿಗೆ ಚಪ್ಪಲಿ ಮೆಟ್ಟುವಂತಿಲ್ಲ. ಇದನ್ನು ಮೊದಲ ಸಲ ಕೇಳಿದಾಗ ನಾಗಭೂಷಣ ಸ್ಟಾಫ್ ರೂಮಿನಲ್ಲಿ ಬಿದ್ದು ಬಿದ್ದು ನಕ್ಕಿದ್ದ. ಹೊಟ್ಟೆಗೆ ಹಿಟ್ಟಿಲ್ಲದ ಜನ ದುಡಿಯುವ ಎತ್ತನ್ನು ಕಲ್ಲಿಗೆ ಬರೆದುಕೊಡುತ್ತಾರೆ, ಇವರಿಗೆ ಪಾಠ ಹೇಳುವ ಬದಲು ಎತ್ತಿಗೇ ಹೇಳಿದರೆ ಎಸ್ಸೆಸ್ಸೆಲ್ಸಿ ಫಲಿತಾಂಶ ಸುಧಾರಿಸೀತು ಎಂದಿದ್ದ.

ಆ ವರ್ಷ ಒಂಬತ್ತನೇ ತರಗತಿಗೆ ಮಧ್ಯಯುಗದ ಪಾಠ ಬಂತು. ಚರ್ಚು ಎಂದರೆ ಏನು, ರೈತ ತನ್ನ ಬೆಳೆಯ ಹತ್ತನೇ ಒಂದು ಪಾಲನ್ನು ಅದಕ್ಕೆ ಯಾಕೆ ಅಳೆದು ಕೊಡುತ್ತಿದ್ದ, ಪಾದ್ರಿ ಮುನಿಸಿಕೊಂಡು ಚರ್ಚಿನ ಬಾಗಿಲು ಮುಚ್ಚಿದರೆ ಊರಿಗೆ ಊರೇ ಯಾಕೆ ನಡುಗುತ್ತಿತ್ತು. ಬೋರ್ಡಿನ ಮೇಲೆ ಬರೆದು, ಓದಿಸಿ, ಉರು ಹೊಡೆಸಿದ. ಚರ್ಚು ಎಂದರೇನು ಎಂದು ಕೇಳಿದರೆ ಹಿಂದಿನ ಬೆಂಚಿನವನೊಬ್ಬ ಎದ್ದು, ದುರ್ಗದಾಗೆ ಒಂದು ಐತೆ ಸಾರ್, ನಮ್ಮ ಮಾವ ಅದಕ್ಕೆ ಸುಣ್ಣ ಹೊಡ್ದಿದಾನೆ ಎಂದ. ನಾಗಭೂಷಣ ಹಣೆ ಚಚ್ಚಿಕೊಂಡ.

ಸುಣ್ಣ ಹೊಡೆದ ಮಾವನನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಮುಂದಿನ ಸಾಲಿನ ಸ್ವಪ್ನ. ಚಿಕ್ಕೀರಪ್ಪನೆಂಬ ಕೂಲಿಯವನ ಮಗಳು, ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ ಸಣ್ಣ ಹುಡುಗಿ. ಅವಳಿಗೆ ಪ್ರಶ್ನೆ ಕೇಳುವ ರೋಗ. ಹತ್ತನೇ ಪಾಲು ಕೊಡದಿದ್ದರೆ ಏನಾಗ್ತಿತ್ತು ಸಾರ್ ಎಂದಳು. ನರಕಕ್ಕೆ ಹೋಗ್ತಾರೆ ಅಂತ ಪಾದ್ರಿ ಹೆದರಿಸ್ತಿದ್ದ ಎಂದು ಇವನು ಹೇಳಿದ. ನರಕಕ್ಕೆ ಹೋದವರು ಯಾರಾದ್ರೂ ವಾಪಸ್ ಬಂದು ಹೇಳಿದ್ರಾ ಎಂದಳು. ಇಲ್ಲ ಎಂದ. ಹಂಗಾದ್ರೆ ಅಷ್ಟು ಜನ ಯಾಕೆ ನಂಬಿದ್ರು ಎಂದಳು. ಅದಕ್ಕೆ ಉತ್ತರ ಪುಸ್ತಕದಲ್ಲಿ ಇರಲಿಲ್ಲ, ನಾಗಭೂಷಣನ ಹತ್ತಿರವೂ ಇರಲಿಲ್ಲ. ದಡ್ಡರಾಗಿದ್ದರು, ನಿಮ್ಮ ಹಾಗೆ, ಕೂತ್ಕೋ ಎಂದು ಕೂರಿಸಿದ. ಉತ್ತರ ಇಲ್ಲದ ಪ್ರಶ್ನೆ ಕೇಳುವವರೆಲ್ಲ ಅಧಿಕಪ್ರಸಂಗಿಗಳು ಎಂಬುದು ಅವನ ಶಿಕ್ಷಣ ಶಾಸ್ತ್ರ.

ಅದೇ ವಾರ ಚಳ್ಳಕೆರೆಯಲ್ಲಿ ಮೇಷ್ಟ್ರುಗಳಿಗೆ ತರಬೇತಿ ಇತ್ತು. ಮಕ್ಕಳು ಕೇಳಿ ಕಲಿಯುವುದಿಲ್ಲ, ಮಾಡಿ ಕಲಿಯುತ್ತಾರೆ, ಪಾಠವನ್ನು ನಾಟಕ ಮಾಡಿಸಿ ಎಂದು ಅಲ್ಲಿ ಹೇಳಿದರು. ಹೇಳಿದವನನ್ನೂ ಕಸದ ಸಾಲಿಗೆ ಸೇರಿಸಿಯೇ ನಾಗಭೂಷಣ ಎದ್ದುಬಂದ. ಆದರೆ ನಾಟಕದ ಆಸೆ ತಲೆ ಹೊಕ್ಕಿತು. ಮೇಷ್ಟ್ರುಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಿರಿಯೂರಿನ ಒಬ್ಬ ತನ್ನ ಮಕ್ಕಳಿಗೆ ಕಾಗದದ ಕಿರೀಟ ಹಾಕಿದ ಫೋಟೋ ಬಿಟ್ಟು ಮೆಚ್ಚುಗೆ ಗಿಟ್ಟಿಸುತ್ತಿದ್ದ. ಕಾಗದದ ಕಿರೀಟದವನಿಗೆ ಅಷ್ಟು ಮೆಚ್ಚುಗೆಯಾದರೆ ಎಂ.ಎ. ಮಾಡಿದವನಿಗೆ ಎಷ್ಟು ಸಿಗಬೇಡ.

ಮಾರನೆಯ ದಿನ ಶಾಲೆಯ ಅಂಗಳದ ಬೇವಿನ ಮರವೇ ಚರ್ಚಾಯಿತು. ಹೆಂಡತಿ ವನಜಾಕ್ಷಿ ರಿಯಾಯಿತಿಯಲ್ಲಿ ಸಿಕ್ಕಿತೆಂದು ತಂದಿದ್ದ, ಮಳೆಯೇ ಬಾರದ ಆ ಸೀಮೆಯ ದೆಸೆಯಿಂದ ಮಡಿಕೆ ಬಿಚ್ಚದೆ ಉಳಿದಿದ್ದ ಕಪ್ಪು ರೈನ್‌ಕೋಟು ಪಾದ್ರಿಯ ನಿಲುವಂಗಿಯಾಯಿತು. ಎರಡು ಅಡಿಪಟ್ಟಿಗೆ ರಬ್ಬರ್ ಬ್ಯಾಂಡ್ ಸುತ್ತಿ ಶಿಲುಬೆ ಮಾಡಿದ. ಪಾದ್ರಿ ಸ್ವತಃ ತಾನೇ, ಅಂಥ ಪಾತ್ರಕ್ಕೆ ಹಟ್ಟಿಯ ಮಕ್ಕಳ ಮುಖ ಹೊಂದುವುದಿಲ್ಲ. ಮಕ್ಕಳು ರೈತರಾಗಿ ಸಾಲಾಗಿ ಬಂದು ತಂತಮ್ಮ ಮನೆಯಲ್ಲಿ ಇರುವುದರ ಪಾಲನ್ನು ಒಪ್ಪಿಸಬೇಕು. ಒಬ್ಬ ಶೇಂಗಾ ಎಂದ, ಒಬ್ಬ ಹುಣಸೆಹಣ್ಣು ಎಂದ, ಸುಣ್ಣದ ಮಾವನ ಅಳಿಯ ಅಣ್ಣನ ಮೋಟಾರ್ ಸೈಕಲ್ಲಿನ ಹತ್ತನೇ ಪಾಲು ಸ್ಟ್ಯಾಂಡು ಕೊಡ್ತೀನಿ ಎಂದ. ಎಲ್ಲ ನಗುವಿನಲ್ಲಿ ನಡೆಯಿತು.

ಸ್ವಪ್ನಳ ಸರದಿ ಬಂದಾಗ ನಾಗಭೂಷಣನಿಗೆ ಇವಳ ಬಾಯಿ ಕಟ್ಟಬೇಕು ಅನ್ನಿಸಿತು. ಮನೆಯಲ್ಲಿ ಏನಿದೆ ಎಂದು ಗದರಿಸಿ ಕೇಳಿದ. ಏನೂ ಇಲ್ಲ ಸಾರ್, ಒಂದು ಎತ್ತು, ಒಂದು ಹೋರಿಗರ ಐತೆ ಎಂದಳು. ಕರು ಅಲ್ಲೇ ಇತ್ತು. ಅದರ ತಾಯಿ ಈಯುವಾಗಲೇ ಸತ್ತಿದ್ದರಿಂದ ಮೇಕೆ ಹಾಲನ್ನು ಬಾಟ್ಲಿಗೆ ತುಂಬಿ ಕುಡಿಸಿ ಸಾಕಿದವಳು ಇವಳೇ, ಹಾಗಾಗಿ ಅದು ಇವಳ ಹಿಂದೆಯೇ ಶಾಲೆಗೂ ಬಂದು ಕಾಂಪೌಂಡಿನ ಹೊರಗೆ ಕಾಯುತ್ತಿತ್ತು. ಚಿಕ್ಕೀರಪ್ಪನಿಗೆ ಇದ್ದದ್ದು ಒಂಟಿ ಎತ್ತು. ಈ ಕರು ದೊಡ್ಡದಾಗಿ ಅದಕ್ಕೆ ಜೋಡಿಯಾದರೆ ಅವನು ಕೂಲಿ ಬಿಟ್ಟು ಸ್ವಂತ ಹೂಡುವವನಾಗುತ್ತಿದ್ದ. ಮನೆಯವರೆಲ್ಲ ಆ ದಿನವನ್ನೇ ನೋಡುತ್ತಿದ್ದರು. ಇದೆಲ್ಲ ನಾಗಭೂಷಣನಿಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಅಭ್ಯಾಸವೂ ಅವನಿಗಿರಲಿಲ್ಲ.

ಚರ್ಚು ಕರುವಿನ ಹತ್ತನೇ ಪಾಲು ಕೇಳೋದಿಲ್ಲ, ಇಡೀ ಕರುವನ್ನೇ ಕೇಳುತ್ತೆ ಎಂದು ಅವನು ದನಿ ದಪ್ಪ ಮಾಡಿ ಹೇಳಿದ. ಮಕ್ಕಳು ಕರುವನ್ನು ಒಳಗೆ ಎಳೆತಂದರು. ಆಗ ಅವನಿಗೆ ತನ್ನ ಪ್ರಕಾರ ಭಾರಿ ಒಳ್ಳೆಯದೊಂದು ಉಪಾಯ ಹೊಳೆಯಿತು. ದೂರದ ವಿಷಯವನ್ನು ಮಕ್ಕಳ ಹತ್ತಿರಕ್ಕೆ ತರಬೇಕು ಎಂದು ತರಬೇತಿಯಲ್ಲಿ ಹೇಳಿರಲಿಲ್ಲವೇ. ಹಟ್ಟಿಯವರು ದೇವರಿಗೆ ಎತ್ತು ಬಿಡುವಾಗ ಮಾಡುವಂತೆಯೇ ಚೆಂಬಿನಲ್ಲಿ ನೀರು ತರಿಸಿದ. ಅಂಗೈ ಒಡ್ಡಿ ನಿಂತ. ಕರುವಿನ ತಲೆ ಮುಟ್ಟಿ, ಇದು ನಮ್ಮದಲ್ಲ, ದೇವರದು ಅಂತ ಹೇಳಿ ನನ್ನ ಕೈಗೆ ನೀರು ಬಿಡು ಎಂದ.

ಸ್ವಪ್ನ ಅವನ ಮುಖ ನೋಡಿದಳು. "ಬಿಡ್ಲೇಬೇಕಾ ಸಾರ್?"

"ಬಿಡ್ಲೇಬೇಕು. ಇಲ್ಲಾಂದ್ರೆ ಇಂಟರ್ನಲ್ ಮಾರ್ಕ್ಸ್ ನರಕಕ್ಕೆ ಹೋಗುತ್ತೆ."

ಮಕ್ಕಳು ನಗಲಿಲ್ಲ. ಸ್ವಪ್ನ ಸಣ್ಣ ದನಿಯಲ್ಲಿ ಮಾತು ಹೇಳಿ ನೀರು ಬಿಟ್ಟಳು. ನಾಗಭೂಷಣ ಕರುವಿನ ಹಣೆಗೆ ಸೀಮೆಸುಣ್ಣದಿಂದ ಶಿಲುಬೆ ಎಳೆದು, ದೇವರು ಸ್ವೀಕರಿಸಿದ ಎಂದು ಘೋಷಿಸಿ, ಶಾಲೆಯ ಗಂಟೆ ಹೊಡೆಸಿದ. ಆ ಹೊತ್ತಿಗೆ ಮಕ್ಕಳೆಲ್ಲ ಸದ್ದಿಲ್ಲದೆ ಚಪ್ಪಲಿ ಕಳಚಿ ಪಕ್ಕಕ್ಕೆ ಸರಿಸಿದ್ದನ್ನು ಅವನು ಕಂಡ. ಪಾತ್ರದಲ್ಲಿ ಎಷ್ಟು ಮುಳುಗಿದಾರೆ ಎಂದು ತನ್ನ ಬೆನ್ನನ್ನೇ ತಟ್ಟಿಕೊಂಡು, ಫೋಟೋ ತೆಗೆದು ಗುಂಪಿಗೆ ಹಾಕಿದ. ಸಂಜೆಯೊಳಗೆ ಹಿರಿಯೂರಿನವನ ಕಿರೀಟ ಮೂಲೆ ಸೇರಿತು.

ಮರುದಿನ ಬೆಳಿಗ್ಗೆ ಬೈಕು ನಿಲ್ಲಿಸುವಾಗ ಬೇವಿನ ಮರಕ್ಕೆ ಕರು ಕಟ್ಟಿತ್ತು. ಹಣೆಯ ಸೀಮೆಸುಣ್ಣ ಹಾಗೇ ಇತ್ತು, ಅದರ ಕೆಳಗೆ ಯಾರೋ ಅರಿಶಿನವನ್ನೂ ಹಚ್ಚಿದ್ದರು. ಪಕ್ಕದಲ್ಲಿ ಚಿಕ್ಕೀರಪ್ಪ ಬರಿಗಾಲಲ್ಲಿ ಕೈಕಟ್ಟಿ ನಿಂತಿದ್ದ. ಅವನು ಹೇಳಿದ್ದಿಷ್ಟು: ಮಗಳು ನೀರು ಬಿಟ್ಟಾಗಿದೆ, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ನಿಮ್ಮ ದೇವರ ಕರ ನಿಮಗೆ ತಂದು ಒಪ್ಪಿಸಿದೀನಿ.

ನಾಗಭೂಷಣ ನಕ್ಕ. ಅದು ನಾಟಕ ಕಣಯ್ಯ ಎಂದ.

"ನಾಟಕ ಸರಿ. ನೀರು ನಿಜವಾದ್ದೇ ಅಲ್ವಾ ಸಾರ್?" ಎಂದ ಚಿಕ್ಕೀರಪ್ಪ.

ಬೋರ್‌ವೆಲ್ ನೀರು ಎಂದ ನಾಗಭೂಷಣ. ಹಗ್ಗ ಬಿಚ್ಚಿ ಅವನ ಕೈಗೆ ಕೊಡಲು ಹೋದ. ಚಿಕ್ಕೀರಪ್ಪ ಹಾವು ಕಂಡವನ ಹಾಗೆ ಹಿಂದೆ ಸರಿದ. ಬೈದರೂ ಹಗ್ಗ ಮುಟ್ಟಲಿಲ್ಲ, ಪೊಲೀಸರಿಗೆ ಹೇಳ್ತೀನಿ ಎಂದರೂ ಮುಟ್ಟಲಿಲ್ಲ. ಕೊನೆಗೆ ಕರುವಿಗೆ ದೂರದಿಂದಲೇ ಕೈಮುಗಿದು, ಕಣ್ಣು ಒರೆಸಿಕೊಂಡು ಹೋದ. ಅವನು ಅಳುವುದನ್ನು ಕಂಡು ನಾಗಭೂಷಣನಿಗೆ ಇನ್ನಷ್ಟು ಸಿಟ್ಟು ಬಂತು. ಅಳುವಷ್ಟು ಪ್ರೀತಿ ಇದ್ದರೆ ಬಿಚ್ಚಿಕೊಂಡು ಹೋಗಬಾರದೇ ಮೂರ್ಖ ಎಂದು ಗೊಣಗಿದ.

ಮುಖ್ಯೋಪಾಧ್ಯಾಯಿನಿ ಅನ್ನಪೂರ್ಣಮ್ಮನಿಗೆ ಕರುವಿಗಿಂತ ಮೇಲಧಿಕಾರಿಗಳ ಭಯ. ಶಾಲೆಯಲ್ಲಿ ಧರ್ಮ ಗಿರ್ಮ ತರಬೇಡಿ ಎಂದು ಎಷ್ಟು ಸಲ ಹೇಳಿದೆ ಎಂದರು. ಹೇಳಿರಲಿಲ್ಲ. ಅದು ಬಿಸಿಯೂಟದ ತರಕಾರಿಗೆ ಬಾಯಿ ಹಾಕಿದರೆ ಯಾರು ಜವಾಬ್ದಾರಿ ಎಂದರು. ನೀವು ತಂದ ದೇವರು, ನೀವೇ ನೋಡ್ಕೊಳ್ಳಿ ಎಂದು ಹೇಳಿ, ಹಾಜರಿ ಪುಸ್ತಕದ ಮುಂದೆ ಬಹಳ ಕೆಲಸವಿದ್ದವರಂತೆ ಕೂತರು. ಆ ತಾಯಿಯ ಬೆನ್ನೆಲುಬು ಸೀಮೆಸುಣ್ಣದ್ದು ಎಂದು ನಾಗಭೂಷಣ ಮನಸ್ಸಿನಲ್ಲೇ ತೀರ್ಮಾನ ಬರೆದ.

ಸಂಜೆ ಚಳ್ಳಕೆರೆಯಲ್ಲಿ ಬೈಕಿನ ಚೈನು ಬಿಗಿ ಮಾಡಿಸಲು ಜುಲ್ಫಿಕರನ ಗ್ಯಾರೇಜಿಗೆ ಹೋದಾಗ ಈ ಜನರ ಹುಚ್ಚನ್ನೆಲ್ಲ ಬಣ್ಣಿಸಿದ. ಜುಲ್ಫಿಕರ್ ನಗುತ್ತಾನೆ ಎಂದು ಕಾದ. ಜುಲ್ಫಿಕರ್ ಸ್ಪ್ಯಾನರ್ ಕೆಳಗಿಟ್ಟ.

"ಸಾರ್, ನಮ್ಮ ಅಬ್ಬಾ ಮಸೀದಿಗೆ ಒಂದು ಫ್ಯಾನು ಕೊಟ್ಟಿದ್ರು. ಈಗ ನಮ್ಮ ಮನೆ ಫ್ಯಾನು ಕೆಟ್ಟೋಗೈತೆ. ಹೋಗಿ ಬಿಚ್ಕೊಂಡು ಬರ್ಲಾ?"

"ಅದು ನಿಜವಾದ ಮಸೀದಿ ಕಣೋ. ಇದು ಬೇವಿನ ಮರ."

"ಕೊಟ್ಟೋರು ನಿಜವಾದೋರಲ್ವಾ ಸಾರ್" ಎಂದು ಜುಲ್ಫಿಕರ್ ಮತ್ತೆ ಚೈನಿಗೆ ಕೈ ಹಾಕಿದ. ಇವನನ್ನು ಇಷ್ಟು ದಿನ ಬುದ್ಧಿವಂತ ಎಂದುಕೊಂಡಿದ್ದೆನಲ್ಲ ಎಂದು ನಾಗಭೂಷಣ ನೊಂದುಕೊಂಡ.

ಕರು ಮೂರ್ಖರ ಮಾತಿಗೆಲ್ಲ ಕಾಯುವಂತಿರಲಿಲ್ಲ. ಇನ್ನೂ ಬಾಟ್ಲಿ ಬಿಟ್ಟಿರದ ಕರು ಅದು. ಬಿಸಿಯೂಟದ ಪಾತಮ್ಮ ಗಂಜಿ ಇಟ್ಟರೆ ಮೂಸಿ ಮುಖ ತಿರುಗಿಸಿತು. ನಾಗಭೂಷಣನೇ ಚಳ್ಳಕೆರೆಯಿಂದ ಪ್ಯಾಕೆಟ್ ಹಾಲು ತಂದು ಬಾಟ್ಲಿಗೆ ತುಂಬಿ ಬಾಯಿಗಿಟ್ಟ. ಅದು ತಲೆ ಬೀಸಿ ಅವನ ಇಸ್ತ್ರಿ ಪ್ಯಾಂಟಿಗೆ ಅಭಿಷೇಕ ಮಾಡಿತು. ಹಗಲೆಲ್ಲ ಒಂದೇ ಸಮ ಕೂಗುತ್ತಿತ್ತು. ಬರುಬರುತ್ತ ಆ ಕೂಗೂ ತಗ್ಗಿ, ಕಾಲು ಮಡಚಿ ಮಲಗಿತು, ಪಕ್ಕೆಯ ಎಲುಬುಗಳು ತೋರತೊಡಗಿದವು. ಮಕ್ಕಳು ಹುಲ್ಲು ತಂದು ಮುಂದೆ ಸುರಿದು, ಕೈಮುಗಿದು, ಹಿಂದಡಿ ಇಟ್ಟು ಹೋಗುತ್ತಿದ್ದರು. ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

ಸ್ವಪ್ನ ಆ ದಿನದಿಂದ ತರಗತಿಗೆ ಬಂದಿರಲಿಲ್ಲ. ಆದರೆ ಒಂದು ಮಧ್ಯಾಹ್ನ ಕಾಂಪೌಂಡಿನ ಆಚೆ ಅವಳ ಜಡೆ ಕಂಡಿತು. ಕೈಯಲ್ಲಿ ಬಾಟ್ಲಿ ಇತ್ತು, ಅದರ ತುಂಬ ಮೇಕೆ ಹಾಲು. ಕರು ಅವಳ ವಾಸನೆ ಹಿಡಿದು ಏಳಲು ಹೆಣಗಿ ಮುಂಗಾಲ ಮೇಲೆ ಕುಸಿಯಿತು. ನಾಗಭೂಷಣ ಗೇಟು ತೆರೆದು, ಬಾ, ಕುಡಿಸು ಎಂದ. ಅವಳು ಅಲ್ಲಾಡಲಿಲ್ಲ.

"ಬೇರೆ ದೇವರದು ಮುಟ್ಟಂಗಿಲ್ಲ ಸಾರ್."

"ನಾನು ಹೇಳ್ತಿದೀನಲ್ಲ, ಮುಟ್ಟು."

"ನೀವು ಹೇಳಿದ್ರೆ ಆಗಲ್ಲ ಸಾರ್. ದೇವ್ರು ಹೇಳ್ಬೇಕು. ದೊಡ್ಡಪಾಲಯ್ಯ ತಾತ ಅಂದಾನೆ."

"ಅಲ್ಲಿ ಯಾವ ದೇವರೂ ಇಲ್ಲ ಕಣೇ. ನಾನೇ ಹೇಳಿಕೊಟ್ಟಿದ್ದಲ್ವಾ, ಎಲ್ಲಾ ಪಾದ್ರಿ ಮಾಡೋ ಮೋಸ ಅಂತ."

"ಮತ್ತೆ ನೀವ್ಯಾಕೆ ಕೈ ಒಡ್ಡಿದ್ರಿ?" ಎಂದಳು. ಬಾಟ್ಲಿಯನ್ನು ಗೋಡೆಯ ಮೇಲೆ ಇಟ್ಟು ಹೊರಟುಹೋದಳು. ಆ ಹಾಲನ್ನೂ ಕರು ನಾಗಭೂಷಣನ ಕೈಯಿಂದ ಕುಡಿಯಲಿಲ್ಲ.

ದೊಡ್ಡಪಾಲಯ್ಯನೆಂದರೆ ದೇವರ ಎತ್ತುಗಳ ಹಿರಿಯ ಕಿಲಾರಿ, ಹಟ್ಟಿಯವರಿಗೆ ಅವನು ಹೇಳಿದ್ದೇ ಕೊನೆ ಮಾತು. ಹೆಸರು ಕೇಳಿದ್ದೇ ನಾಗಭೂಷಣನಿಗೆ ಕತೆಯೆಲ್ಲ ಅರ್ಥವಾದಂತಾಯಿತು. ಮುದುಕ ಕರು ಲಪಟಾಯಿಸಲು ಸಂಚು ಮಾಡಿದ್ದಾನೆ. ಇಂದು ನಮಗೆ ಬೇಡ ಅನ್ನುತ್ತಾನೆ, ನಾಳೆ ದೇವರ ಹಿಂಡಿಗೆ ಸೇರಿಸಿಕೊಳ್ಳುತ್ತಾನೆ. ಪುಸ್ತಕದಲ್ಲಿ ಓದಿದ ಹೊಟ್ಟೆಬಾಕ ಮಠಾಧಿಪತಿಗಳೆಲ್ಲ ಅವನ ಕಣ್ಣ ಮುಂದೆ ಬಂದರು. ಕಾನೂನಿನ ಕಲಮು, ಮೂಢನಂಬಿಕೆಯ ಮೇಲಿನ ಭಾಷಣ, ಎಲ್ಲ ಹೊಂದಿಸಿಕೊಂಡು ಆ ಮಧ್ಯಾಹ್ನವೇ ಬೈಕು ಹತ್ತಿದ.

ಮೊಳಕಾಲ್ಮುರು ಕಡೆಯ ಕಲ್ಲುಗುಡ್ಡಗಳ ಬುಡದಲ್ಲಿ ಹಿಂಡು ಮೇಯುತ್ತಿತ್ತು. ಮುಳ್ಳಿನ ಬೇಲಿಯ ಆಚೆಯೇ ಒಬ್ಬ ಅವನನ್ನು ತಡೆದು ಬೂಟು ಬಿಚ್ಚಿಸಿದ. ಕಾದ ಕಲ್ಲಿನ ಮೇಲೆ ಕುಪ್ಪಳಿಸುತ್ತ ಹೋದ ಎಂ.ಎ.ಯನ್ನು ದೊಡ್ಡಪಾಲಯ್ಯ ಆಸಕ್ತಿಯಿಂದ ನೋಡಿದ. ಬಾಯಲ್ಲಿ ಹಲ್ಲಿಲ್ಲ, ಕೊರಳಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಮೊಬೈಲು. ರಾಂಡಿ ಸಾಮಿ, ಕೂಸೋಂಡಿ ಎಂದು ತೆಲುಗಿನಲ್ಲಿ ಕರೆದು ಕಲ್ಲು ತೋರಿಸಿದ. ನಾಗಭೂಷಣ ಕೂರದೆ ಭಾಷಣ ಮಾಡಿದ. ಮುದುಕ ಅದನ್ನು ಪೂರ್ತಿ ಕೇಳಿ, ಕಿವಿಯಲ್ಲಿ ಬೆರಳಾಡಿಸಿ, ನಮಗೆ ಆ ಕರ ಬೇಡಪ್ಪ ಎಂದ. ನಮ್ಮ ದೇವರಿಗೆ ಬಿಟ್ಟಿದ್ದಲ್ಲ, ನಮ್ಮ ಹಿಂಡಿಗೆ ಸೇರಿಸಿದರೆ ನಾಳೆ ನಿಮ್ಮ ದೇವರು ಬಂದು ಜಗಳ ಆಡಿದರೆ ಏನು ಮಾಡೋದು. ಆಮೇಲೆ ವಿಚಾರಣೆ ಶುರು ಮಾಡಿದ. ನಿಮ್ಮ ದೇವರು ಬಾಡು ತಿಂತದಾ, ಹೋರಿ ಒಪ್ತದಾ, ವಾರ ಯಾವುದು, ಅದರ ಪೂಜಾರಿ ಯಾರು.

"ಪೂಜಾರಿನೂ ಇಲ್ಲ, ದೇವರೂ ಇಲ್ಲ. ಅದು ಪಾಠ" ಎಂದ ನಾಗಭೂಷಣ.

"ನೀರು ಯಾರ ಕೈಗೆ ಬಿತ್ತು?"

"ನನ್ನ ಕೈಗೆ."

"ದೇವರು ಒಪ್ಪಿದ ಅಂತ ಬಾಯಿಬಿಟ್ಟು ಹೇಳಿದ್ದು ಯಾರು?"

ನಾಗಭೂಷಣ ಕಾದ ಕಲ್ಲಿನ ಮೇಲೆ ಕಾಲು ಬದಲಿಸಿದ.

"ಹಂಗಾದ್ರೆ ನೀವೇ ಪೂಜಾರಿ. ಕೇಳ್ರಿ ನಿಮ್ಮ ದೇವರನ್ನ. ಬಿಡ್ತೀನಿ ಅಂತ ಅಂದ್ರೆ ನಾಲ್ಕು ಜನರ ಮುಂದೆ ಹೇಳ್ರಿ, ಚಿಕ್ಕೀರಪ್ಪ ಹೊಡ್ಕೊಂಡು ಹೋಗ್ತಾನೆ. ಇದರಾಗೆ ನಂದೇನೈತೆ." ಹೇಳಿ ಮುದುಕ ತನ್ನ ಮೊಬೈಲನ್ನು ಬಿಚ್ಚಿ, ಇದರಾಗೆ ಹಾಡು ನಿಂತೋಗೈತೆ, ನೋಡ್ರಿ ಮೇಷ್ಟ್ರೇ ಎಂದು ಮುಂದೆ ಹಿಡಿದ. ಕುಲದ ತೀರ್ಪು ಹೇಳುವವನ ಯೋಗ್ಯತೆ ಇಷ್ಟು ಎಂದುಕೊಂಡು ನಾಗಭೂಷಣ ಸೌಂಡು ಜಾಸ್ತಿ ಮಾಡಿಕೊಟ್ಟ. ಬೂಟು ಹಾಕಿಕೊಳ್ಳುವಾಗ ಅಂಗಾಲಲ್ಲಿ ಬೊಬ್ಬೆ ಎದ್ದಿತ್ತು.

ಆಗಲಿ ಎಂದರೆ ತಾನು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದ ಮೋಸವನ್ನು ತಾನೇ ಮಾಡಬೇಕು. ಇಲ್ಲದ ದೇವರ ಹೆಸರಿನಲ್ಲಿ ಜನರ ಮುಂದೆ ಮಾತಾಡಬೇಕು. ಆಗುವುದಿಲ್ಲ ಎಂದು ಅವನು ದೃಢವಾಗಿ ನಿಶ್ಚಯಿಸಿದ. ವಿಚಾರವಂತನ ಮರ್ಯಾದೆ ಎಂಬುದೊಂದಿದೆ. ಆ ಮರ್ಯಾದೆ ಮರುದಿನ ಬೆಳಿಗ್ಗೆಯವರೆಗೆ ಬಾಳಿತು. ಬೆಳಿಗ್ಗೆ ಕರು ಕತ್ತು ನೆಲಕ್ಕೆ ಚಾಚಿ ಮಲಗಿತ್ತು, ಕಣ್ಣಿಗೆ ನೊಣ ಕೂತರೂ ರೆಪ್ಪೆ ಬಡಿಯುತ್ತಿರಲಿಲ್ಲ. ಕರು ಶಾಲೆಯೊಳಗೆ ಸತ್ತರೆ ವರದಿ ನಿಮ್ಮ ಹೆಸರಲ್ಲೇ ಬರೀತೀನಿ ಎಂದು ಅನ್ನಪೂರ್ಣಮ್ಮ ಹೇಳಿದರು. ಗೋಡೆಯ ಆಚೆ ಆ ಜಡೆ ಮತ್ತೆ ಕಂಡಿತು. ಯಾವುದು ಅವನನ್ನು ಮಣಿಸಿತು ಎಂದು ಕೇಳಿದರೆ ಜಡೆ ಎಂದೇ ಅವನು ಹೇಳಿಯಾನು. ವರದಿ ಎಂದು ನಂಬಲು ಕಾರಣಗಳಿವೆ.

ಹಟ್ಟಿಗೆ ಹೇಳಿ ಕಳಿಸಿದ. ಬೇಗ ಮುಗಿಸಿ ಕೈ ತೊಳೆದುಕೊಳ್ಳಬೇಕು ಎಂದೇ ಅವನ ಲೆಕ್ಕ. ಆದರೆ ಜನ ಬಂದರು, ಹೆಂಗಸರು ಮಕ್ಕಳು ಸಮೇತ ಬಂದರು. ದೊಡ್ಡಪಾಲಯ್ಯ ಲಗೇಜ್ ಆಟೋದ ಹಿಂದೆ ಕೂತು ಬಂದ. ಎಲ್ಲರೂ ಗೇಟಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದು ನೆಲದ ಮೇಲೆ ಕೂತರು. ಬಿಸಿಲು ನೆತ್ತಿ ಸುಡುವಾಗ ನಾಗಭೂಷಣ ರೈನ್‌ಕೋಟು ತೊಟ್ಟು ಅಡಿಪಟ್ಟಿಗಳನ್ನು ಹಿಡಿದು ಬೇವಿನ ಬುಡದಲ್ಲಿ ನಿಂತ. ಒಳಗೆ ಬೆವರು ಕಾಲುವೆಯಾಗಿ ಹರಿಯುತ್ತಿತ್ತು. ಕಣ್ಣು ಮುಚ್ಚಿದ, ತೆರೆದ. ದೇವರು ಕರುವನ್ನು ಬಿಟ್ಟಿದ್ದಾನೆ, ಕರೆದುಕೊಂಡು ಹೋಗಿ ಎಂದ.

ಯಾರೂ ಏಳಲಿಲ್ಲ. ಚಿಕ್ಕೀರಪ್ಪ ಹೆಂಡತಿ ಕರಿಯಕ್ಕನ ಮುಖ ನೋಡಿದ. ಕರಿಯಕ್ಕ ದೊಡ್ಡಪಾಲಯ್ಯನ ಮುಖ ನೋಡಿದಳು.

"ಏನೂ ಕೇಳ್ಲಿಲ್ವಾ ನಿಮ್ಮ ದೇವ್ರು?" ಎಂದ ಚಿಕ್ಕೀರಪ್ಪ, ನಂಬಿಕೆಯಿಲ್ಲದೆ.

ಏನೂ ಬೇಡವಂತೆ ಎಂದ ನಾಗಭೂಷಣ. ಗುಂಪಿನಲ್ಲಿ ಗುಸುಗುಸು ಎದ್ದಿತು. ಏನೂ ಕೇಳದೆ ಬಿಡುವ ದೇವರು ಬಿಟ್ಟಂತೆ ಮಾಡಿ ಆಮೇಲೆ ಮನೆ ಹಾಳು ಮಾಡ್ತದೆ ಎಂದು ಒಬ್ಬಾಕೆ ಪಕ್ಕದವಳಿಗೆ ಹೇಳಿದಳು. ಇನ್ನೊಮ್ಮೆ ಸರಿಯಾಗಿ ಕೇಳ್ರಿ ಎಂದು ದೊಡ್ಡಪಾಲಯ್ಯ ಆಡಳಿತಗಾರನ ದನಿಯಲ್ಲಿ ಹೇಳಿದ. ಕರು ಒಮ್ಮೆ ನೀಳವಾಗಿ ಉಸಿರು ಬಿಟ್ಟಿತು. ಸ್ವಪ್ನ ಬಾಟ್ಲಿಯನ್ನು ಎದೆಗೆ ಒತ್ತಿ ಹಿಡಿದು ನಾಗಭೂಷಣನನ್ನೇ ನೋಡುತ್ತಿದ್ದಳು.

ಅವನು ಮತ್ತೆ ಕಣ್ಣು ಮುಚ್ಚಿದ. ಈ ಸಲ ಏನು ಹೇಳಿದರೂ ಇವರು ಕೇಳುತ್ತಾರೆ ಎಂಬುದು ಅವನಿಗೆ ಹೊಳೆಯಿತು. ತರಗತಿಯಲ್ಲಿ ಗಂಟಲು ಹರಿದುಕೊಂಡರೂ ತಿರುಗಿ ನೋಡದ ಜನ ಉಸಿರು ಬಿಗಿಹಿಡಿದು ಅವನ ತುಟಿ ನೋಡುತ್ತಿದ್ದರು. ಬೆನ್ನ ಬೆವರಿನ ಜೊತೆಗೆ ಇನ್ನೊಂದು ಏನೋ ಹರಿಯಿತು, ತಣ್ಣಗೆ, ಹಿತವಾಗಿ. ಕಣ್ಣು ಮುಚ್ಚಿಕೊಂಡೇ ದನಿ ದಪ್ಪ ಮಾಡಿದ. ಹುಡುಗಿ ಹತ್ತನೇ ತರಗತಿ ಮುಗಿಸುವ ತನಕ ಒಂದು ದಿನವೂ ತಪ್ಪದೆ ಶಾಲೆಗೆ ಬರಬೇಕು ಎಂದ. ಗುಂಪು ಹೂಂಗುಟ್ಟಿತು, ಅದು ದೇವರ ಮಾತಿನ ಹಾಗೆ ಕೇಳಿಸಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಅವನನ್ನು ಒಳ್ಳೆಯ ಮೇಷ್ಟ್ರು ಎಂದು ಕರೆಯಲು ನನಗೂ ಅಡ್ಡಿಯಿರಲಿಲ್ಲ. ಆದರೆ ಹೂಂಗುಟ್ಟುವ ಸದ್ದು ಕಿವಿಗೆ ಬಿದ್ದವನಿಗೆ ಇನ್ನೊಂದು ಮಾತು ಬೇಕೆನ್ನಿಸಿತು.

"ಮೇಷ್ಟ್ರು ಹೇಳಿದ್ದಕ್ಕೆ ಎದುರು ಪ್ರಶ್ನೆ ಕೇಳಕೂಡದು" ಎಂದ. "ಕೇಳಿದ ದಿನ ಕರು ವಾಪಸ್ಸು."

ಚಿಕ್ಕೀರಪ್ಪನ ಮುಖ ಅರಳಿತು. ಈಗ ಅವನಿಗೆ ಪೂರ್ತಿ ನಂಬಿಕೆ ಬಂತು. ಮಗಳ ತಲೆ ಹಿಡಿದು ನೆಲಕ್ಕೆ ಬಗ್ಗಿಸಿ, ಆಯ್ತು ಅಂತ ಹೇಳಮ್ಮ ಎಂದ. ಆಯ್ತು ಎಂದಳು. ಹೇಳಿದ್ದೇ ಓಡಿಹೋಗಿ ಕರುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಟ್ಲಿ ಬಾಯಿಗಿಟ್ಟಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ, ಹಾಲು ಕಟವಾಯಿಂದ ಇಳಿದು ಹೋಗುತ್ತಿತ್ತು. ಆಮೇಲೆ ಗಂಟಲು ಅಲ್ಲಾಡಿತು. ಹೆಂಗಸರು ಸೆರಗಿನಿಂದ ಕಣ್ಣು ಒತ್ತಿಕೊಂಡರು. ಹೊರಡುವಾಗ ಕರಿಯಕ್ಕ ನಾಗಭೂಷಣನ ಮುಂದೆ ನಿಂತು ಹೇಳಿದಳು, "ಇನ್ನೊಂದ್ಸಲ ನೀರು ಬಿಡಿಸ್ಬೇಡ್ರಿ ಸಾರ್. ಮನೇಲಿ ಇನ್ನು ಇರೋದು ಒಂದೇ ಎತ್ತು." ಹೇಳಿ, ಅವನ ಕಾಲಿಗೂ ಬಿದ್ದಳು. ಅವನು ಕಾಲು ಹಿಂದಕ್ಕೆ ಎಳೆದುಕೊಳ್ಳಬೇಕೆಂದಿದ್ದ. ಎಳೆದುಕೊಳ್ಳುವುದು ತಡವಾಯಿತು.

ಕರು ಬದುಕಿತು. ಸ್ವಪ್ನ ದಿನಾ ಶಾಲೆಗೆ ಬಂದಳು, ಕರು ಹಿಂದಿನಂತೆ ಕಾಂಪೌಂಡಿನ ಹೊರಗೆ ಕಾಯುತ್ತಿತ್ತು. ನಾಗಭೂಷಣನ ಪೀರಿಯಡ್ಡಿನಲ್ಲಿ ಮಾತ್ರ ಒಂಬತ್ತನೇ ತರಗತಿಯ ಬಾಗಿಲ ಹೊರಗೆ ಚಪ್ಪಲಿಗಳು ಸಾಲಾಗಿ ನಿಂತಿರುತ್ತಿದ್ದವು. ವಿಜ್ಞಾನದ ಮೇಷ್ಟ್ರು ಬಂದಾಗ ಮಕ್ಕಳು ಚಪ್ಪಲಿ ಮೆಟ್ಟಿಕೊಂಡೇ ಕೂರುತ್ತಿದ್ದರು. ನಾಗಭೂಷಣ ಮೊದಲ ದಿನ ಅದನ್ನು ಕಂಡು ಬೈಯಲು ಬಾಯಿ ತೆರೆದ. ಆದರೆ ತರಗತಿ ಅಷ್ಟು ನಿಶ್ಶಬ್ದವಾಗಿ ಇದ್ದದ್ದು ಅವನ ನೌಕರಿಯಲ್ಲೇ ಇರಲಿಲ್ಲ. ಪಾಠ ಸಲೀಸಾಗಿ ಸಾಗುತ್ತಿತ್ತು. ನಾಳೆ ಹೇಳಿದರಾಯಿತು ಎಂದು ಬಾಯಿ ಮುಚ್ಚಿದ.

ಮಧ್ಯಯುಗದ ಕೊನೆಯ ಭಾಗ ಬಂತು. ಪಾದ್ರಿಗಳ ಮೋಸವನ್ನು ಕೆಲವರು ಪ್ರಶ್ನಿಸಿದರು, ಪ್ರಶ್ನೆಯಿಂದಲೇ ಹೊಸ ಕಾಲ ಹುಟ್ಟಿತು ಎಂದು ಅವನು ಹುರುಪಿನಿಂದ ಹೇಳಿದ. ಬೋರ್ಡಿನ ಮೇಲೆ ಪ್ರಶ್ನೆ ಎಂಬ ಪದ ಬರೆದು ಅಡಿಗೆರೆ ಎಳೆದ. ಅಷ್ಟು ಜನ ಪಾದ್ರಿಗಳನ್ನು ಯಾಕೆ ನಂಬಿದ್ರು, ಯಾರಿಗಾದರೂ ಅನುಮಾನ ಇದೆಯಾ ಎಂದು ಕೇಳಿದ. ಒಂದೂ ಕೈ ಮೇಲೇಳಲಿಲ್ಲ. ಸುಣ್ಣದ ಮಾವನ ಅಳಿಯ ಕೂಡ ಮೇಜನ್ನೇ ನೋಡುತ್ತಿದ್ದ. ನಾಗಭೂಷಣ ಮುಂದಿನ ಸಾಲಿನ ಕಡೆ ತಿರುಗಿದ.

"ಸ್ವಪ್ನ, ನೀನು ಆವತ್ತು ಇದನ್ನೇ ಕೇಳಿದ್ದೆಯಲ್ಲ. ಈಗ ಕೇಳು."

ಸ್ವಪ್ನ ಎದ್ದು ನಿಂತಳು. ಕಿಟಕಿಯ ಆಚೆ, ಕಾಂಪೌಂಡಿನ ಹೊರಗೆ, ಕರು ಜಾಲಿಯ ನೆರಳಲ್ಲಿ ಬಾಲ ಬೀಸುತ್ತಿತ್ತು. ಅವಳು ಅತ್ತ ಒಮ್ಮೆ ನೋಡಿದಳು.

"ಕೇಳಂಗಿಲ್ಲ ಸಾರ್. ಕರ ವಾಪಸ್ ಹೋಗ್ತದೆ."

ನಾನೇ ಹೇ‍ಳ್ತಿದೀನಿ, ಕೇಳು ಎನ್ನಲು ಹೋಗಿ ಅವನು ತಡೆದುಕೊಂಡ. ಅವಳೇನು ಉತ್ತರ ಕೊಡುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಮತ್ತೆ ರೈನ್‌ಕೋಟು ತೊಟ್ಟು, ಮತ್ತೆ ಹಟ್ಟಿಯನ್ನು ಕರೆದು, ದೇವರು ಆ ಮಾತನ್ನು ಹಿಂದೆ ತಗೊಂಡ ಎಂದು ಹೇಳಬೇಕು. ಹೇಳಿದರೆ ಆ ದೇವರು ಬದಲಿಗೆ ಇನ್ನೇನನ್ನಾದರೂ ಕೇಳಲೇಬೇಕು. ಅದಕ್ಕಿಂತ ಹೆಚ್ಚಾಗಿ, ನಾಳೆಯಿಂದ ಈ ಹುಡುಗಿ ಮತ್ತೆ ಎದ್ದು ನಿಂತು ಕೇಳತೊಡಗುತ್ತಾಳೆ.

ಹೊರಗೆ ಬೇವಿನ ಬುಡದಲ್ಲಿ ಪಕ್ಕದ ಊರಿನ ಯಾರೋ ಮುದುಕಿ ಬರಿಗಾಲಲ್ಲಿ ಕೂತಿದ್ದಳು, ಮಡಿಲಲ್ಲಿ ಒಂದು ತೆಂಗಿನಕಾಯಿ. ಮಗನ ಕಾಯಿಲೆ ಬಗ್ಗೆ ಕರಿ ಕೋಟಿನ ದೇವರನ್ನು ಕೇಳಬೇಕಂತೆ ಎಂದು ಪಾತಮ್ಮ ಬೆಳಿಗ್ಗೆಯೇ ಬಂದು ಹೇಳಿದ್ದಳು. ಓಡಿಸು ಎಂದು ಇವನು ಹೇಳಿದ್ದ, ಅಷ್ಟು ಜೋರಾಗಿ ಹೇಳಿರಲಿಲ್ಲ.

"ಸರಿ, ಕೂತ್ಕೋ" ಎಂದ ಸ್ವಪ್ನಳಿಗೆ. ಕೂತಳು. ನಾಗಭೂಷಣ ಬೋರ್ಡಿನ ಕಡೆ ತಿರುಗಿ ಡಸ್ಟರ್ ತೆಗೆದುಕೊಂಡು, ಅಡಿಗೆರೆ ಎಳೆದ ಪದವನ್ನು ಒರೆಸಿ, ಮುಂದಿನ ಪಾಠದ ಹೆಸರು ಬರೆಯತೊಡಗಿದ. ಈ ಮಕ್ಕಳ ತಲೆಗೆ ಏನೂ ಹತ್ತುವುದಿಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡ.